ದೊಡ್ಡ ಫೈಲ್ ಮಾತ್ರ ಏರುತ್ತಿಲ್ಲ: ನೆಕ್ಸ್ಟ್‌ಕ್ಲೌಡ್ ಅಪ್‌ಲೋಡ್ ದೋಷದ ಮೂಲ ಹುಡುಕುವ ಬಗೆ

ಸ್ವಂತ ಸರ್ವರ್‌ನಲ್ಲಿ ನೆಕ್ಸ್ಟ್‌ಕ್ಲೌಡ್ ಎಂಬ ಫೈಲ್ ಸಂಗ್ರಹ ತಂತ್ರಾಂಶ ನಡೆಸುವವರ ಬಳಿಗೆ ಮನೆಯವರೋ ಕಚೇರಿಯವರೋ ಹೊತ್ತು ತರುವ ದೂರುಗಳಲ್ಲಿ ಇದು ಅತಿ ಸಾಮಾನ್ಯ. ಲಾಗಿನ್ ಆಗುತ್ತದೆ, ಫೋಟೊಗಳು ಏರುತ್ತವೆ, ಪಿಡಿಎಫ್‌ಗಳು ಏರುತ್ತವೆ. ಮದುವೆಯ ವಿಡಿಯೊ ಹಾಕಿದರೆ ಮಾತ್ರ ನಿಂತುಬಿಡುತ್ತದೆ. ಕೆಲವೊಮ್ಮೆ ಆರಂಭದಲ್ಲೇ ಕೆಂಪು ಸಂದೇಶ ಬರುತ್ತದೆ. ಕೆಲವೊಮ್ಮೆ ಪ್ರಗತಿ ತೋರಿಸುವ ಪಟ್ಟಿ ನೂರಕ್ಕೆ ನೂರು ತುಂಬಿ, ಇನ್ನೇನು ಮುಗಿಯಿತು ಅನ್ನುವಾಗ ‘ಅಜ್ಞಾತ ದೋಷ’ ಎಂದು ಕೈಚೆಲ್ಲುತ್ತದೆ.

ಇದಕ್ಕೆ ಎಲ್ಲೆಡೆ ಸಿಗುವ ಮದ್ದು ಒಂದೇ: ನೆಕ್ಸ್ಟ್‌ಕ್ಲೌಡ್ ಬರೆದಿರುವ ಪಿಎಚ್‌ಪಿ ಭಾಷೆಯ ಮಿತಿಗಳನ್ನೆಲ್ಲ 16 ಜಿಬಿಗೆ ಏರಿಸಿ, ಟೈಮ್‌ಔಟ್‌ಗಳನ್ನೆಲ್ಲ (ಕಾಯುವ ಗಡುವುಗಳನ್ನು) 3600 ಸೆಕೆಂಡ್ ಮಾಡಿ, ಸರ್ವರ್ ರೀಸ್ಟಾರ್ಟ್ ಮಾಡಿ. ಅದೃಷ್ಟವಿದ್ದರೆ ಸರಿಹೋಗುತ್ತದೆ, ಯಾವುದರಿಂದ ಎಂದು ಮಾತ್ರ ತಿಳಿಯುವುದಿಲ್ಲ. ಸರಿಹೋಗದಿದ್ದರೆ ಮೊದಲಿದ್ದ ದೋಷದ ಜೊತೆಗೆ ಹತ್ತು ಬದಲಾದ ಅಂಕಿಗಳೂ ಕೊರಳಿಗೆ ಬೀಳುತ್ತವೆ. ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಈ ದೋಷ ತನ್ನ ವಿಳಾಸವನ್ನು ತಾನೇ ಹೇಳುತ್ತದೆ. ಅಪ್‌ಲೋಡ್ 1 ಎಂಬಿ ದಾಟಿದೊಡನೆ ನಿಂತರೆ ಅದು ಒಬ್ಬರ ಕೆಲಸ, 100 ಎಂಬಿಗೆ ನಿಂತರೆ ಇನ್ನೊಬ್ಬರದು, ಸರಿಯಾಗಿ 60ನೇ ಸೆಕೆಂಡಿಗೆ ನಿಂತರೆ ಮತ್ತೊಬ್ಬರದು. ಎಲ್ಲಿ ನಿಂತಿತು ಎಂದು ಅಳೆದರೆ ಯಾರು ನಿಲ್ಲಿಸಿದರು ಎಂಬುದು ಬಹುಪಾಲು ಗೊತ್ತಾಗುತ್ತದೆ.

ಇಲ್ಲಿ ಡೆಬಿಯನ್ ಲಿನಕ್ಸ್ 12 ಅಥವಾ 13, ಎಂಜಿನ್‌ಎಕ್ಸ್ ವೆಬ್ ಸರ್ವರ್, ಪಿಎಚ್‌ಪಿಯನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂ, ಮರಿಯಾಡಿಬಿ ಡೇಟಾಬೇಸ್, ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್ ಇರುವ ಏರ್ಪಾಡನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಎಂಜಿನ್‌ಎಕ್ಸ್ ಬದಲು ಅಪಾಚೆ ವೆಬ್ ಸರ್ವರ್ ಅಥವಾ ಡಾಕರ್ ಕಂಟೇನರ್ ಬಳಸುವವರಿಗೆ ಬೇರೆಯಾಗುವ ಕಡೆ ಹೇಳುತ್ತೇನೆ. ನೆಕ್ಸ್ಟ್‌ಕ್ಲೌಡ್ 2016ರ ಜೂನ್‌ನಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದದ್ದರಿಂದ ಪಿಎಚ್‌ಪಿಯಲ್ಲಿ ನಡೆಯುವ ಹಳೆಯ ಓನ್‌ಕ್ಲೌಡ್‌ಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಮುಟ್ಟುವ ಮೊದಲು ಅಳೆಯಿರಿ

ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಅದೇ ಫೈಲನ್ನು ಮತ್ತೆ ಏರಿಸಿ. ಕೆಂಪಾದ ಸಾಲು ಯಾವುದು, ಅದರ ಮೆಥಡ್ (ಕೋರಿಕೆಯ ಬಗೆ) ಯಾವುದು, ಸ್ಟೇಟಸ್ ಕೋಡ್ ಎಷ್ಟು, ಎಷ್ಟು ಸೆಕೆಂಡಿಗೆ ಸೋತಿತು ಎಂದು ಬರೆದುಕೊಳ್ಳಿ. ಚಿಕ್ಕ ಫೈಲ್ ಆದರೆ ಒಂದೇ ‘ಪುಟ್’ ಕಾಣುತ್ತದೆ. ದೊಡ್ಡದಾದರೆ ಮೊದಲು ‘ಎಂಕೆಕಾಲ್’ ಎಂಬ ಕೋರಿಕೆ ಹೋಗಿ ಸರ್ವರ್‌ನಲ್ಲಿ ತಾತ್ಕಾಲಿಕ ಫೋಲ್ಡರ್ ಒಂದನ್ನು ಮಾಡುತ್ತದೆ. ಆಮೇಲೆ ಸಾಲುಸಾಲಾಗಿ ‘ಪುಟ್’ಗಳು ತುಣುಕುಗಳನ್ನು ಅದರೊಳಗೆ ಹಾಕುತ್ತವೆ. ಕೊನೆಗೆ ಒಂದು ‘ಮೂವ್’ ಬಂದು ತುಣುಕುಗಳನ್ನು ಜೋಡಿಸಿ ನಿಜವಾದ ಜಾಗಕ್ಕೆ ಸಾಗಿಸುತ್ತದೆ. ಸೋತದ್ದು ಮೊದಲ ಪುಟ್ಟೋ, ನಡುವಿನದ್ದೋ, ಕೊನೆಯ ಮೂವ್ ಕೋರಿಕೆಯೋ ಎಂಬುದರಲ್ಲೇ ಅರ್ಧ ಉತ್ತರವಿದೆ.

ಅದೇ ಹೊತ್ತಿನಲ್ಲಿ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್‌ನ ಎರರ್ ಲಾಗ್, ಎಫ್‌ಪಿಎಂ ಲಾಗ್, ಡೇಟಾ ಫೋಲ್ಡರ್‌ನಲ್ಲಿರುವ ನೆಕ್ಸ್ಟ್‌ಕ್ಲೌಡ್ ಲಾಗ್ ಮೂರನ್ನೂ ‘ಟೇಲ್ -ಎಫ್’ ಹಾಕಿ ತೆರೆದಿಡಿ. ಮೂರರಲ್ಲೂ ಒಂದೂ ಹೊಸ ಸಾಲು ಬರದಿದ್ದರೆ ಅದೂ ಒಂದು ಸಾಕ್ಷಿಯೇ: ಕೋರಿಕೆ ನಿಮ್ಮ ಯಂತ್ರದವರೆಗೆ ಬಂದೇ ಇಲ್ಲದಿರಬಹುದು. ಎಂಜಿನ್‌ಎಕ್ಸ್‌ನ ಸಾಮಾನ್ಯ ಆಕ್ಸೆಸ್ ಲಾಗ್‌ನಲ್ಲಿ ಎಷ್ಟು ಸಮಯ ಹಿಡಿಯಿತು ಎಂಬುದು ಬರುವುದಿಲ್ಲ. ಲಾಗ್ ಫಾರ್ಮ್ಯಾಟ್‌ಗೆ ‘ರಿಕ್ವೆಸ್ಟ್_ಟೈಮ್’ ಮತ್ತು ‘ರಿಕ್ವೆಸ್ಟ್_ಲೆಂಗ್ತ್’ ಸೇರಿಸಿಟ್ಟರೆ ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಪರೀಕ್ಷೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಉಳಿಸುತ್ತದೆ. ಸರ್ವರ್ ಒಳಗೇ ಕುಳಿತು, ಸರ್ವರ್‌ಗೇ ಅಪ್‌ಲೋಡ್ ಮಾಡಿ. ‘ಫಾಲೊಕೇಟ್ -ಎಲ್ 1500ಎಂ’ ಕೊಟ್ಟು 1500 ಎಂಬಿಯ ಒಂದು ಪರೀಕ್ಷಾ ಫೈಲ್ ತಯಾರಿಸಿ, ಕರ್ಲ್ ಆಜ್ಞೆಗೆ ದೊಡ್ಡಕ್ಷರದ ‘-ಟಿ’ ಆಯ್ಕೆ ಕೊಟ್ಟು ಅದನ್ನು ನೆಕ್ಸ್ಟ್‌ಕ್ಲೌಡ್‌ನ ವೆಬ್‌ಡ್ಯಾವ್ (ವೆಬ್ ಮೂಲಕ ಫೈಲ್ ಸಾಗಿಸುವ ವಿಧಾನ) ವಿಳಾಸಕ್ಕೆ ಕಳಿಸಿ. ಜೊತೆಗೆ ‘--ರಿಸಾಲ್ವ್’ ಆಯ್ಕೆಯಲ್ಲಿ ನಿಮ್ಮ ಡೊಮೈನ್ ಹೆಸರು 127.0.0.1ಕ್ಕೇ, ಅಂದರೆ ಅದೇ ಯಂತ್ರಕ್ಕೇ, ಹೋಗುವಂತೆ ಹೇಳಿ. ಎರಡು ಹಂತದ ಲಾಗಿನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಒಂದು ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಕರ್ಲ್ ತುಣುಕು ಮಾಡದೆ ಇಡೀ ಫೈಲನ್ನು ಒಂದೇ ಪುಟ್‌ನಲ್ಲಿ ತಳ್ಳುತ್ತದೆ, ಹಾಗಾಗಿ ಮಿತಿಗಳು ಮರೆಯಿಲ್ಲದೆ ಎದುರಿಗೆ ಬರುತ್ತವೆ. ಒಳಗಿನಿಂದ ಏರಿದರೆ ದೋಷ ಹೊರಗಿನ ದಾರಿಯಲ್ಲಿದೆ ಅಥವಾ ಬಳಸುವವರ ಕಂಪ್ಯೂಟರ್‌ನಲ್ಲಿದೆ. ಒಳಗಿನಿಂದಲೂ ಏರದಿದ್ದರೆ ರೂಟರ್, ಟನಲ್, ಇಂಟರ್ನೆಟ್ ಸಂಪರ್ಕ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಡಿ.

ಗಾತ್ರಕ್ಕೆ ನಿಲ್ಲುವುದು

ಸ್ಟೇಟಸ್ ಕೋಡ್ 413 ಬಂದರೆ ಯಾರೋ ‘ಇಷ್ಟು ದೊಡ್ಡದನ್ನು ಒಳಗೆ ಬಿಡುವುದಿಲ್ಲ’ ಅಂದಿದ್ದಾರೆ. ಆ ಯಾರೋ ಯಾರು ಎಂಬುದೇ ಪ್ರಶ್ನೆ.

ಎಂಜಿನ್‌ಎಕ್ಸ್‌ನಲ್ಲಿ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ಬರೆಯದೇ ಇದ್ದರೆ ಅದರ ಬೆಲೆ 1 ಎಂಬಿ. ಫೈಲಿನ ಗಾತ್ರ ಕೋರಿಕೆಯ ಹೆಡರ್‌ನಲ್ಲೇ ಇರುವುದರಿಂದ ಅದು ಒಂದು ಬೈಟನ್ನೂ ಓದಲು ಕಾಯುವುದಿಲ್ಲ, ಶುರುವಿನಲ್ಲೇ ಬಾಗಿಲು ಹಾಕುತ್ತದೆ. ಆಗ ಬ್ರೌಸರ್ ಇನ್ನೂ ಕಳಿಸುತ್ತಲೇ ಇರುವುದರಿಂದ ಎಷ್ಟೋ ಸಲ 413 ಕಾಣದೆ ‘ಸಂಪರ್ಕ ಕಡಿದುಹೋಯಿತು’ ಎಂದಷ್ಟೇ ಕಾಣುತ್ತದೆ. ಬ್ರೌಸರನ್ನು ನಂಬದೆ ಎರರ್ ಲಾಗ್ ನೋಡಿ: ‘ಕ್ಲೈಂಟ್ ಇಂಟೆಂಡೆಡ್ ಟು ಸೆಂಡ್ ಟೂ ಲಾರ್ಜ್ ಬಾಡಿ’ ಎಂಬ ಸಾಲಿದ್ದರೆ ತಪ್ಪಿತಸ್ಥ ಸಿಕ್ಕಂತೆ. ಮಿತಿ ಏರಿಸಿದ ಮೇಲೂ ಅದೇ ಸಾಲು ಬರುತ್ತಿದ್ದರೆ ನೀವು ಬದಲಾಯಿಸಿದ್ದು ಒಂದು ಕಡೆ, ಜಾರಿಯಲ್ಲಿರುವುದು ಇನ್ನೊಂದು ಕಡೆ. ಎಚ್‌ಟಿಟಿಪಿ ಬ್ಲಾಕ್‌ನಲ್ಲಿ ಬರೆದದ್ದನ್ನು ಸರ್ವರ್ ಬ್ಲಾಕ್, ಅದನ್ನು ಲೊಕೇಶನ್ ಬ್ಲಾಕ್ ಮೀರುತ್ತದೆ. ‘ಎಂಜಿನ್‌ಎಕ್ಸ್’ ಆಜ್ಞೆಗೆ ದೊಡ್ಡಕ್ಷರದ ‘-ಟಿ’ ಕೊಟ್ಟರೆ ಎಲ್ಲ ಫೈಲ್‌ಗಳೂ ಸೇರಿದ ಇಡೀ ಕಾನ್ಫಿಗ್ ಒಂದೇ ಕಡೆ ಬರುತ್ತದೆ. ಅದರಲ್ಲಿ ಹುಡುಕಿದರೆ ಎಲ್ಲ ಪ್ರತಿಗಳೂ ಸಿಗುತ್ತವೆ. ನೆಕ್ಸ್ಟ್‌ಕ್ಲೌಡ್‌ನವರೇ ಕೊಡುವ ಮಾದರಿ ಕಾನ್ಫಿಗ್‌ನಲ್ಲಿ ಇದು 512 ಎಂಬಿ ಇರುತ್ತದೆ.

16 ಜಿಬಿ ಏಕೆ ಬೇಡ ಎಂದರೆ ಕಾರಣ ಇದು: ಬ್ರೌಸರ್ ಮತ್ತು ಡೆಸ್ಕ್‌ಟಾಪ್ ಕ್ಲೈಂಟ್ ಇಡೀ ವಿಡಿಯೊವನ್ನು ಒಂದೇ ಏಟಿಗೆ ಕಳಿಸುವುದೇ ಇಲ್ಲ. ವೆಬ್ ಪುಟದ ತುಣುಕು ಬಹುಕಾಲ 10 ಎಂಬಿ ಇತ್ತು, ಹೊಸ ಆವೃತ್ತಿಗಳಲ್ಲಿ 100 ಎಂಬಿ. ಆದ್ದರಿಂದ 20 ಜಿಬಿಯ ವಿಡಿಯೊಗೂ 512 ಎಂಬಿಯ ಬಾಗಿಲು ಧಾರಾಳ. ಇಡಿಯಾಗಿ ತಳ್ಳುವ ಕರ್ಲ್, ಡ್ಯಾವ್‌ಎಫ್‌ಎಸ್, ವಿಂಡೋಸ್‌ನ ನೆಟ್‌ವರ್ಕ್ ಡ್ರೈವ್ ಮುಂತಾದವನ್ನು ಬಳಸುವವರಿದ್ದರೆ ಮಾತ್ರ ದೊಡ್ಡ ಅಂಕಿಯ ಅಗತ್ಯ.

ವಿಂಡೋಸ್‌ನ ವಿಷಯ ಬಂದದ್ದರಿಂದ ಹೇಳುತ್ತೇನೆ. ‘ಬ್ರೌಸರ್‌ನಲ್ಲಿ ಏರುತ್ತದೆ, ಝಡ್ ಡ್ರೈವ್‌ಗೆ ಕಾಪಿ ಮಾಡಿದರೆ ಏರುವುದಿಲ್ಲ’ ಎಂದು ಯಾರಾದರೂ ಅಂದರೆ ಸರ್ವರ್ ಕಡೆ ತಿರುಗಿಯೂ ನೋಡಬೇಡಿ. ವಿಂಡೋಸ್‌ನ ವೆಬ್‌ಕ್ಲೈಂಟ್ ಸೇವೆಗೆ 5,00,00,000 ಬೈಟ್‌ಗಳ ಸ್ವಂತ ಮಿತಿಯಿದೆ. 0ಎಕ್ಸ್800700ಡಿಎಫ್ ಎಂಬ ದೋಷ ಅದರ ಗುರುತು. ರಿಜಿಸ್ಟ್ರಿಯಲ್ಲಿ ‘ಫೈಲ್‌ಸೈಜ್‌ಲಿಮಿಟ್‌ಇನ್‌ಬೈಟ್ಸ್’ ಏರಿಸಿದರೂ 4 ಜಿಬಿಗಿಂತ ಮೇಲೆ ಹೋಗದು. ಅವರಿಗೆ ಡೆಸ್ಕ್‌ಟಾಪ್ ಕ್ಲೈಂಟ್ ಹಾಕಿಕೊಡುವುದೇ ಸುಲಭ.

413 ಬಂದಿದೆ, ನಿಮ್ಮ ಲಾಗ್‌ನಲ್ಲಿ ಸಾಲಿಲ್ಲ ಎಂದರೆ ಮುಂದೆ ನಿಂತಿರುವವರನ್ನು ಕೇಳಬೇಕು. ಸರ್ವರ್ ಮುಂದೆ ನಿಲ್ಲುವ ಮಧ್ಯವರ್ತಿ ಸೇವೆಯಾದ ಕ್ಲೌಡ್‌ಫ್ಲೇರ್‌ನ ಉಚಿತ ಯೋಜನೆಯಲ್ಲಿ ಪ್ರಾಕ್ಸಿ ಮೂಲಕ ಹೋಗುವ ಒಂದು ಕೋರಿಕೆಗೆ 100 ಎಂಬಿ ಮಿತಿ. ಅಂಥ ಕಡೆ ತುಣುಕಿನ ಗಾತ್ರವನ್ನು 50 ಎಂಬಿಗೆ ಇಳಿಸಿದರೆ ಸಮಸ್ಯೆ ಮುಗಿಯುತ್ತದೆ. ಏರಿಸುವುದಲ್ಲ, ಇಳಿಸುವುದು. ಅಪಾಚೆಯವರು ‘ಲಿಮಿಟ್‌ರಿಕ್ವೆಸ್ಟ್‌ಬಾಡಿ’ ನೋಡಬೇಕು. 2.4.53ರವರೆಗೆ ಅದಕ್ಕೆ ಮಿತಿಯೇ ಇರಲಿಲ್ಲ, ಆಮೇಲಿನ ಆವೃತ್ತಿಗಳಲ್ಲಿ ಏನೂ ಬರೆಯದಿದ್ದರೆ 1,07,37,41,824 ಬೈಟ್, ಅಂದರೆ 1 ಜಿಬಿ. ‘ವರ್ಷಗಟ್ಟಲೆ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ 1 ಜಿಬಿ ದಾಟಿದ್ದು ಏರುತ್ತಿಲ್ಲ’ ಎಂಬ ದೂರಿನ ಹಿಂದೆ ಇದೇ ಇರುತ್ತದೆ. ನೆಕ್ಸ್ಟ್‌ಕ್ಲೌಡ್‌ನ ಡಾಕರ್ ಇಮೇಜ್‌ನಲ್ಲಿ ಇದನ್ನು ‘ಅಪಾಚೆ_ಬಾಡಿ_ಲಿಮಿಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಬದಲಾಯಿಸಬಹುದು.

ಇನ್ನು ಎಲ್ಲರೂ ಮೊದಲು ಕೈಹಾಕುವ ಪಿಎಚ್‌ಪಿ ಮಿತಿಗಳು. ‘ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್’ ಮೂಲತಃ 2 ಎಂಬಿ, ‘ಪೋಸ್ಟ್_ಮ್ಯಾಕ್ಸ್_ಸೈಜ್’ 8 ಎಂಬಿ. ಇವು ಮುಖ್ಯವಾಗಿ ಫಾರ್ಮ್ ಮೂಲಕ ‘ಪೋಸ್ಟ್’ ಆಗಿ ಬರುವ ಫೈಲ್‌ಗಳಿಗೆ ಸಂಬಂಧಿಸಿದವು. ನೆಕ್ಸ್ಟ್‌ಕ್ಲೌಡ್‌ನ ಫೈಲ್‌ಗಳು ‘ಪುಟ್’ ಆಗಿ ಬರುತ್ತವೆ. ಅಧಿಕೃತ ಕೈಪಿಡಿ ಏರಿಸಲು ಹೇಳುತ್ತದೆ, ಏರಿಸಿಡಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ದೋಷ ಇಲ್ಲಿರುವ ಸಂಭವ ಕಡಿಮೆ. ಏರಿಸುವಾಗಲೂ ಒಂದು ಹಳ್ಳವಿದೆ. ಡೆಬಿಯನ್‌ನಲ್ಲಿ ಟರ್ಮಿನಲ್‌ನ ಪಿಎಚ್‌ಪಿಗೆ ಒಂದು ಐಎನ್‌ಐ (ಸೆಟ್ಟಿಂಗ್ಸ್) ಫೈಲ್, ಎಫ್‌ಪಿಎಂಗೆ ಇನ್ನೊಂದು. ‘ಪಿಎಚ್‌ಪಿ -ಐ’ ತೋರಿಸುವುದು ಟರ್ಮಿನಲ್‌ನದ್ದನ್ನು. ನಿಜವಾಗಿ ಜಾರಿಯಲ್ಲಿರುವುದನ್ನು ನೆಕ್ಸ್ಟ್‌ಕ್ಲೌಡ್‌ನ ಆಡಳಿತ ವಿಭಾಗದ ಸಿಸ್ಟಮ್ ಪುಟದಲ್ಲಿ ನೋಡಿ.

ಸಮಯಕ್ಕೆ ನಿಲ್ಲುವುದು

ಪಟ್ಟಿ ಪೂರ್ತಿ ತುಂಬಿ, ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ದೋಷ ಬಂದರೆ ಸೋತದ್ದು ಕೊನೆಯ ಮೂವ್. ತುಣುಕುಗಳೆಲ್ಲ ಸುರಕ್ಷಿತವಾಗಿ ತಲುಪಿವೆ. ಅವನ್ನು ಒಂದೊಂದಾಗಿ ಓದಿ ಒಂದೇ ಫೈಲಾಗಿ ಬರೆಯುವ ಕೆಲಸ ಸರ್ವರ್‌ನಲ್ಲಿ ನಡೆಯುತ್ತಿದೆ. ಅದು ಮುಗಿಯುವವರೆಗೆ ಪಿಎಚ್‌ಪಿ ಏನೂ ಉತ್ತರಿಸುವುದಿಲ್ಲ, ಎಂಜಿನ್‌ಎಕ್ಸ್ ಕಾಯುತ್ತದೆ. ‘ಫಾಸ್ಟ್‌ಸಿಜಿಐ_ರೀಡ್_ಟೈಮ್‌ಔಟ್’ ಬರೆಯದಿದ್ದರೆ ಅದರ ತಾಳ್ಮೆ 60 ಸೆಕೆಂಡ್. ಮೀರಿದರೆ 504, ಎರರ್ ಲಾಗ್‌ನಲ್ಲಿ ‘ಅಪ್‌ಸ್ಟ್ರೀಮ್ ಟೈಮ್ಡ್ ಔಟ್’ ಎಂಬ ಸಾಲು. ಮುಂದೆ ಇನ್ನೊಂದು ರಿವರ್ಸ್ ಪ್ರಾಕ್ಸಿ (ಕೋರಿಕೆಗಳನ್ನು ಪಡೆದು ಒಳಗೆ ದಾಟಿಸುವ ಸರ್ವರ್) ಇದ್ದರೆ ಅದಕ್ಕೂ ‘ಪ್ರಾಕ್ಸಿ_ರೀಡ್_ಟೈಮ್‌ಔಟ್’ ಎಂಬ 60 ಸೆಕೆಂಡಿನ ಗಡಿ ಇದೆ. ಎರಡರಲ್ಲಿ ಚಿಕ್ಕದು ಗೆಲ್ಲುತ್ತದೆ.

60 ಸೆಕೆಂಡ್ ಸಾಲುವುದಿಲ್ಲವೇ ಎಂದು ಕೇಳಿದರೆ ಲೆಕ್ಕ ಹೀಗಿದೆ. 4 ಜಿಬಿ ವಿಡಿಯೊವನ್ನು ಓದಿ ಅದೇ ಡಿಸ್ಕಿಗೆ ಬರೆಯುವುದೆಂದರೆ 8 ಜಿಬಿ ಸಂಚಾರ. ಹಳೆಯ ಲ್ಯಾಪ್‌ಟಾಪ್ ಅಥವಾ ಹಳೆಯ ರಾಸ್‌ಬೆರಿ ಪೈಗೆ ಯುಎಸ್‌ಬಿ 2.0 ಹಾರ್ಡ್ ಡಿಸ್ಕ್ ತಗುಲಿಸಿದ್ದರೆ ಸೆಕೆಂಡಿಗೆ 35 ಎಂಬಿ ಸಿಕ್ಕಿದರೆ ಪುಣ್ಯ. ಆ ವೇಗದಲ್ಲಿ ಜೋಡಣೆಗೇ ನಾಲ್ಕು ನಿಮಿಷದ ಹತ್ತಿರ ಬೇಕು. ಟೈಮ್‌ಔಟ್ 300 ಅಥವಾ 600 ಮಾಡುವುದು ಇಲ್ಲಿ ನ್ಯಾಯವಾದ ಪರಿಹಾರ. ಆದರೆ ಎಸ್‌ಎಸ್‌ಡಿ ಇದ್ದೂ ಇಷ್ಟು ಹೊತ್ತು ಹಿಡಿದರೆ ಟೈಮ್‌ಔಟ್ ಏರಿಸಿ ಮುಚ್ಚಿಹಾಕಬೇಡಿ. ಅಪ್‌ಲೋಡ್ ನಡೆಯುವಾಗ ‘ಐಒಸ್ಟ್ಯಾಟ್ -ಎಕ್ಸ್’ ಓಡಿಸಿ ಡಿಸ್ಕ್ ನಿಜಕ್ಕೂ ದುಡಿಯುತ್ತಿದೆಯೇ ಎಂದು ನೋಡಿ. ‘ಡಿಮೆಸೇಜ್’ನಲ್ಲಿ ಓದುವ ಬರೆಯುವ ದೋಷಗಳಿದ್ದರೆ ಡಿಸ್ಕ್ ಸಾಯುತ್ತಿದೆ. ಅಪ್‌ಲೋಡ್ ಆಮೇಲಾಯಿತು, ಮೊದಲು ಬ್ಯಾಕಪ್.

ಪಿಎಚ್‌ಪಿಯ ‘ಮ್ಯಾಕ್ಸ್_ಎಕ್ಸಿಕ್ಯೂಶನ್_ಟೈಮ್’ 30 ಸೆಕೆಂಡ್ ಇರುವುದನ್ನು ಕಂಡು ಅದನ್ನೇ ಗುಮಾನಿಸುವವರು ಬಹಳ. ಲಿನಕ್ಸ್‌ನಲ್ಲಿ ಅದು ಗಡಿಯಾರದ ಸಮಯವನ್ನು ಎಣಿಸುವುದಿಲ್ಲ. ಡಿಸ್ಕ್ ಓದುವ ಬರೆಯುವ, ಡೇಟಾಬೇಸ್‌ಗೆ ಕಾಯುವ ಹೊತ್ತು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ನಾಲ್ಕು ನಿಮಿಷದ ಜೋಡಣೆಯೂ ಅದರ ಕಣ್ಣಿಗೆ ಕೆಲವೇ ಸೆಕೆಂಡ್ ಆಗಿರಬಹುದು.

504ರ ಬೆನ್ನಿಗೇ ಇನ್ನೊಂದು ತೊಡಕು ಬರುತ್ತದೆ. ಎಂಜಿನ್‌ಎಕ್ಸ್ ಕೈಬಿಟ್ಟರೂ ಪಿಎಚ್‌ಪಿ ಎಷ್ಟೋ ಸಲ ಕೆಲಸ ಮುಂದುವರಿಸುತ್ತದೆ, ಕೆಲವು ನಿಮಿಷ ಬಿಟ್ಟು ನೋಡಿದರೆ ಫೈಲ್ ಅಲ್ಲೇ ಇರುತ್ತದೆ. ಬಳಸುವವರು ಅಷ್ಟು ಕಾಯುವುದಿಲ್ಲ, ತಕ್ಷಣ ಮತ್ತೆ ಏರಿಸುತ್ತಾರೆ. ಹಳೆಯ ಜೋಡಣೆ ಆ ಫೈಲ್‌ಗೆ ಬೀಗ ಹಾಕಿಟ್ಟಿರುವುದರಿಂದ ಈ ಸಲ 423, ಅಂದರೆ ‘ಲಾಕ್ಡ್’. ಈಗ ದೂರು ಬದಲಾಗುತ್ತದೆ: ‘ಯಾರೋ ಫೈಲ್ ಲಾಕ್ ಮಾಡಿದ್ದಾರೆ’. 423 ಕಂಡರೆ ಅದಕ್ಕೆ ಮುಂಚೆ ಅದೇ ಫೈಲ್‌ಗೆ 504 ಬಂದಿತ್ತೇ ಎಂದು ಆಕ್ಸೆಸ್ ಲಾಗ್‌ನಲ್ಲಿ ಹಿಂದಕ್ಕೆ ಹೋಗಿ ನೋಡಿ. ಬಂದಿದ್ದರೆ ಚಿಕಿತ್ಸೆ 504ಕ್ಕೆ, ಬೀಗಕ್ಕಲ್ಲ. ಬೀಗದ ಆಯುಷ್ಯ ಸಾಮಾನ್ಯವಾಗಿ 3600 ಸೆಕೆಂಡ್, ಒಂದು ಗಂಟೆಯಲ್ಲಿ ತಾನೇ ಬಿಡುತ್ತದೆ. ‘ಒಸಿ_ಫೈಲ್_ಲಾಕ್ಸ್’ ಟೇಬಲ್ ಖಾಲಿ ಮಾಡಿ ಎನ್ನುವ ಸಲಹೆ ಎಲ್ಲೆಡೆ ಇದೆ. ಮೇಂಟೆನೆನ್ಸ್ ಮೋಡ್ ಹಾಕದೆ ಅದನ್ನು ಮಾಡಿದರೆ ನಿಜವಾಗಿ ಬಳಕೆಯಲ್ಲಿರುವ ಫೈಲ್‌ಗಳ ಬೀಗವೂ ಹೋಗುತ್ತದೆ. ಲಾಕಿಂಗ್ ಕೆಲಸವನ್ನು ರೆಡಿಸ್‌ಗೆ ವಹಿಸಿದ್ದರೆ ಆ ಟೇಬಲ್‌ನಲ್ಲಿ ಏನೂ ಇರುವುದೂ ಇಲ್ಲ.

502 ಬಂದರೆ ಕಥೆ ಚಿಕ್ಕದು. ಎಫ್‌ಪಿಎಂ ಸತ್ತಿದೆ ಅಥವಾ ಸಾಕೆಟ್ ಸಿಗುತ್ತಿಲ್ಲ. ಸೇವೆಯ ಸ್ಥಿತಿ ನೋಡಿ, ಆಮೇಲೆ ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಹುಡುಕಿ. 1 ಜಿಬಿ ರ್‍ಯಾಮ್‌ನ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಡೇಟಾಬೇಸ್, ರೆಡಿಸ್, ಪಿಎಚ್‌ಪಿ ಎಲ್ಲ ಕೂಡಿಹಾಕಿದವರಿಗೆ ಇದು ಪರಿಚಿತ.

ಜಾಗ ಇದ್ದೂ ಜಾಗವಿಲ್ಲ

500 ಅಥವಾ 507 ಬಂದು, ಯಾವುದೋ ಒಂದು ಲಾಗ್‌ನಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಕಂಡರೆ ‘ಡಿಎಫ್ -ಎಚ್’ ಓಡಿಸುತ್ತೀರಿ. ಡೇಟಾ ಡಿಸ್ಕ್‌ನಲ್ಲಿ 200 ಜಿಬಿ ಖಾಲಿ. ಗೊಂದಲ ಇಲ್ಲಿಂದ ಶುರು.

ಇಡಿಯಾಗಿ ತಳ್ಳಿದ ಒಂದು ಫೈಲ್ ಸರ್ವರ್‌ನಲ್ಲಿ ಮೂರು ಕಡೆ ಬರೆಯಲ್ಪಡುತ್ತದೆ. ಎಂಜಿನ್‌ಎಕ್ಸ್ ಮೊದಲು ಅದನ್ನು ಪೂರ್ತಿ ತನ್ನ ತಾತ್ಕಾಲಿಕ ಫೋಲ್ಡರ್‌ಗೆ ಇಳಿಸಿಕೊಳ್ಳುತ್ತದೆ. ಡೆಬಿಯನ್‌ನಲ್ಲಿ ಇದು ‘ವಾರ್’ ಡೈರೆಕ್ಟರಿಯ ಒಳಗಿದೆ. ಪಿಎಚ್‌ಪಿ ಅದನ್ನು ಓದುತ್ತ ತನ್ನ ತಾತ್ಕಾಲಿಕ ಜಾಗಕ್ಕೆ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ, ಬೇರೆ ಹೇಳದಿದ್ದರೆ ಅದು ‘ಟೆಂಪ್’ ಡೈರೆಕ್ಟರಿ. ಮೂರನೆಯದಾಗಿ ನೆಕ್ಸ್ಟ್‌ಕ್ಲೌಡ್ ಡೇಟಾ ಡಿಸ್ಕಿಗೆ ಬರೆಯುತ್ತದೆ. 200 ಜಿಬಿ ಖಾಲಿ ಇರುವುದು ಈ ಮೂರನೆಯ ಕಡೆ. ರೂಟ್ ಪಾರ್ಟಿಷನ್ 20 ಜಿಬಿಯದ್ದಾಗಿ, ಅದರಲ್ಲಿ 2 ಜಿಬಿ ಉಳಿದಿದ್ದರೆ ಮೊದಲ ಎರಡು ಪ್ರತಿಗಳಿಗೇ ಉಸಿರುಗಟ್ಟುತ್ತದೆ. ಅಪ್‌ಲೋಡ್ ಸೋತ ಮರುಕ್ಷಣವೇ ತಾತ್ಕಾಲಿಕ ಫೈಲ್‌ಗಳು ಅಳಿಯುವುದರಿಂದ ನೀವು ನೋಡುವ ಹೊತ್ತಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅಪ್‌ಲೋಡ್ ನಡೆಯುತ್ತಿರುವಾಗಲೇ ‘ವಾಚ್ ಡಿಎಫ್ -ಎಚ್’ ಹಾಕಿ ನೋಡಬೇಕು.

ಡೆಬಿಯನ್ 12ರಿಂದ 13ಕ್ಕೆ ಏರಿದವರು ಇಲ್ಲಿ ವಿಶೇಷ ಗಮನ ಕೊಡಿ. 13ರಲ್ಲಿ ‘ಟೆಂಪ್’ ಡೈರೆಕ್ಟರಿ ಡಿಸ್ಕ್‌ನಲ್ಲಿರುವುದಿಲ್ಲ, ರ್‍ಯಾಮ್‌ನಲ್ಲಿರುತ್ತದೆ, ಗರಿಷ್ಠ ಗಾತ್ರ ರ್‍ಯಾಮ್‌ನ ಅರ್ಧ. 4 ಜಿಬಿ ರ್‍ಯಾಮ್ ಇದ್ದರೆ ‘ಟೆಂಪ್’ಗೆ 2 ಜಿಬಿ. ಒಂದೇ ಒಂದು ಕಾನ್ಫಿಗ್ ಸಾಲು ಬದಲಾಗದೆ, ನಿನ್ನೆ ಏರುತ್ತಿದ್ದ 3 ಜಿಬಿ ಫೈಲ್ ಇಂದು ಏರದಿರಲು ಇಷ್ಟು ಸಾಕು. ಪಿಎಚ್‌ಪಿಯ ‘ಅಪ್‌ಲೋಡ್_ಟೆಂಪ್_ಡಿರ್’ ಅನ್ನು ಡೇಟಾ ಡಿಸ್ಕ್‌ನ ಒಂದು ಫೋಲ್ಡರ್‌ಗೆ ತಿರುಗಿಸಿ, ಆ ಫೋಲ್ಡರನ್ನು ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಬಳಕೆದಾರನ ಹೆಸರಿಗೆ ಮಾಡಿ. ‘ಟೆಂಪ್.ಮೌಂಟ್’ ಅನ್ನು ಮಾಸ್ಕ್ ಮಾಡಿ ರೀಬೂಟ್ ಮಾಡಿದರೆ ಹಳೆಯ ನಡವಳಿಕೆ ಮರಳುತ್ತದೆ, ಆದರೆ ಮೊದಲ ದಾರಿಯೇ ನನಗೆ ಮೆಚ್ಚು.

ಜಾಗ ಕಾಣುತ್ತಿದೆ, ನೀವು ರೂಟ್ ಆಗಿ ಬರೆದರೆ ಆಗುತ್ತದೆ, ನೆಕ್ಸ್ಟ್‌ಕ್ಲೌಡ್ ಬರೆದರೆ ಆಗದು ಎಂದಾದರೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಮೀಸಲು ನೆನಪಿಸಿಕೊಳ್ಳಿ. ಅದು ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದೇ ಎತ್ತಿಡುತ್ತದೆ. 4 ಟಿಬಿ ಡಿಸ್ಕಿನಲ್ಲಿ ಅದು 200 ಜಿಬಿ! ಬರೀ ಡೇಟಾ ಇಡುವ ಡಿಸ್ಕಿಗೆ ಇಷ್ಟು ಮೀಸಲು ಬೇಕಿಲ್ಲ. ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟು ಶೇ 1ಕ್ಕೆ ಇಳಿಸಬಹುದು. ‘ಡಿಎಫ್ -ಐ’ ಕೂಡ ಒಮ್ಮೆ ನೋಡಿಬಿಡಿ. ಲಕ್ಷಾಂತರ ಚಿಕ್ಕ ಫೈಲ್‌ಗಳಿಂದ ಐನೋಡ್‌ಗಳು (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆಗಳು) ಮುಗಿದರೂ ಇದೇ ಸಂದೇಶ ಬರುತ್ತದೆ.

ಸೋತ ಅಪ್‌ಲೋಡ್‌ಗಳ ತುಣುಕುಗಳು ಪ್ರತಿ ಬಳಕೆದಾರನ ‘ಅಪ್‌ಲೋಡ್ಸ್’ ಫೋಲ್ಡರ್‌ನಲ್ಲಿ ಉಳಿಯುತ್ತವೆ. ಒಂದು ದಿನ ಕಳೆದ ಮೇಲೆ ಹಿನ್ನೆಲೆ ಕೆಲಸವೊಂದು ಅವನ್ನು ಗುಡಿಸುತ್ತದೆ. ಆ ಕೆಲಸಗಳನ್ನು ನಡೆಸಲು ಐದು ನಿಮಿಷಕ್ಕೊಮ್ಮೆ ಓಡಬೇಕಾದ ಕ್ರಾನ್ ನಿಂತುಹೋಗಿದ್ದರೆ ಗುಡಿಸುವವರಿಲ್ಲ. 504 ಬರುತ್ತದೆ, ಬಳಸುವವರು ಮತ್ತೆ ಮತ್ತೆ ಏರಿಸುತ್ತಾರೆ, ಪ್ರತಿ ಸಲವೂ 4 ಜಿಬಿ ತುಣುಕು ಉಳಿಯುತ್ತದೆ, ಕೊನೆಗೆ ಡಿಸ್ಕ್ ತುಂಬಿ ಚಿಕ್ಕ ಫೈಲ್‌ಗಳೂ ನಿಲ್ಲುತ್ತವೆ. ಆ ಹಂತದಲ್ಲಿ ನಿಮ್ಮನ್ನು ಕರೆದರೆ ಕಾಣುವುದು ತುಂಬಿದ ಡಿಸ್ಕ್ ಮಾತ್ರ. ಆಡಳಿತ ಪುಟದಲ್ಲಿ ‘ಕೊನೆಯ ಹಿನ್ನೆಲೆ ಕೆಲಸ’ ಯಾವಾಗ ಓಡಿತು ಎಂಬುದನ್ನು ನೋಡಿ. ಗಂಟೆಗಳ ಹಿಂದೆ ಅಂದಿದ್ದರೆ ಕ್ರಾನ್ ಸರಿಪಡಿಸಿ.

ಕರೆಂಟ್ ಹೋಗಿ ಬಂದ ಮೇಲೆ ಶುರುವಾದ ದೋಷವಾದರೆ ಬೇರೆ ಎರಡು ಸಂಶಯ. ಒಂದು, ಫೈಲ್‌ಸಿಸ್ಟಮ್‌ನಲ್ಲಿ ದೋಷ ಕಂಡು ಕರ್ನಲ್ ಅದನ್ನು ಓದಲು ಮಾತ್ರ ಮೌಂಟ್ ಮಾಡಿರಬಹುದು. ಇನ್ನೊಂದು, ಹೊರಗಿನ ಡಿಸ್ಕ್ ಮೌಂಟ್ ಆಗದೇ ಇರಬಹುದು. ಎರಡನೆಯದರಲ್ಲಿ ನೆಕ್ಸ್ಟ್‌ಕ್ಲೌಡ್ ಡೇಟಾ ಫೋಲ್ಡರ್ ಸರಿಯಿಲ್ಲ ಎಂದು ಪೂರ್ತಿ ನಿಲ್ಲುತ್ತದೆ. ಡೇಟಾ ಫೋಲ್ಡರ್‌ನಲ್ಲಿರಬೇಕಾದ ಒಂದು ಅಡಗುಫೈಲ್ ಕಾಣದಿದ್ದಾಗ ಅದು ಹಾಗೆ ಮಾಡುತ್ತದೆ. ಆ ಫೈಲನ್ನು ಕೈಯಾರೆ ಸೃಷ್ಟಿಸಿ ಬಾಯಿ ಮುಚ್ಚಿಸಿದರೆ ಹೊಸ ಫೈಲ್‌ಗಳೆಲ್ಲ ಖಾಲಿ ಮೌಂಟ್ ಪಾಯಿಂಟ್‌ನ ಕೆಳಗೆ, ರೂಟ್ ಪಾರ್ಟಿಷನ್‌ಗೆ ಬೀಳುತ್ತವೆ. ಡಿಸ್ಕ್ ಮೌಂಟ್ ಮಾಡಿ, ಅಷ್ಟೇ.

ರೆಡ್ ಹ್ಯಾಟ್ ವಂಶದ ಆಲ್ಮಾ, ರಾಕಿ ಬಳಸುವವರು ಅನುಮತಿಗಳೆಲ್ಲ ಸರಿಯಿದ್ದೂ ಬರೆಯಲಾಗದಿದ್ದರೆ ಆಡಿಟ್ ಲಾಗ್‌ನಲ್ಲಿ ಎಸ್‌ಇಲಿನಕ್ಸ್ ಎಂಬ ಸುರಕ್ಷತಾ ಪದರದ ‘ಎವಿಸಿ’ ಸಾಲುಗಳನ್ನು ಹುಡುಕಿ.

ಹೊರದಾರಿಯಲ್ಲಿ ಕಳೆದುಹೋಗುವುದು

ಸರ್ವರ್ ಒಳಗಿನ ಕರ್ಲ್ ಪರೀಕ್ಷೆ ಗೆದ್ದು, ಹೊರಗಿನಿಂದ ಮಾತ್ರ ಸೋಲುತ್ತಿದ್ದರೆ ಈ ಭಾಗ. ನಮ್ಮಲ್ಲಿ ಅನೇಕ ಮನೆ ಸಂಪರ್ಕಗಳಿಗೆ ಸ್ವಂತ ಐಪಿವಿ4 ವಿಳಾಸ ಸಿಗುವುದಿಲ್ಲ. ರೂಟರ್‌ನಲ್ಲಿ ಕಾಣುವ ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್‌ನ (ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಏರ್ಪಾಡು) ಹಿಂದೆ ಇದ್ದೀರಿ. ಹಾಗಾಗಿ ಮನೆಯ ಸರ್ವರ್‌ಗೆ ಹೊರಗಿನ ಒಂದು ಅಗ್ಗದ ವಿಪಿಎಸ್‌ನಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ಟನಲ್ ಎಳೆಯುವುದು ವಾಡಿಕೆ. ಈ ಏರ್ಪಾಡಿನ ಒಂದು ದೋಷ ಬಹಳ ಕಾಡುತ್ತದೆ: ಪುಟ ತೆರೆಯುತ್ತದೆ, ಲಾಗಿನ್ ಆಗುತ್ತದೆ, ಅಪ್‌ಲೋಡ್ ಕೆಲವೇ ಕೆಬಿಗೆ ಹೆಪ್ಪುಗಟ್ಟುತ್ತದೆ, ಸ್ಟೇಟಸ್ ಕೋಡೇ ಇಲ್ಲ. ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಒಂದು ನಿಮಿಷದ ಬಳಿಕ 408 ಬರುತ್ತದೆ, ಅಥವಾ ಬಳಸುವವರೇ ಬೇಸತ್ತು ಮುಚ್ಚಿದ್ದರೆ 499.

ಇದು ಪ್ಯಾಕೆಟ್ ಗಾತ್ರದ ಸಮಸ್ಯೆ. ಈಥರ್ನೆಟ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬೈಟ್, ಪಿಪಿಪಿಒಇ ಇದ್ದರೆ 1492, ವೈರ್‌ಗಾರ್ಡ್ ಒಳಗೆ ಸಾಮಾನ್ಯವಾಗಿ 1420. ದೊಡ್ಡ ಪ್ಯಾಕೆಟ್ ಹೋಗಲಾಗದಿದ್ದರೆ ದಾರಿಯ ರೂಟರ್ ‘ಚಿಕ್ಕದು ಮಾಡಿ ಕಳಿಸು’ ಎಂಬ ಐಸಿಎಂಪಿ ಸಂದೇಶ ಕೊಡಬೇಕು. ಸುರಕ್ಷತೆಯ ಹೆಸರಿನಲ್ಲಿ ಯಾರಾದರೂ ಐಸಿಎಂಪಿಯನ್ನೇ ತಡೆದಿದ್ದರೆ ಆ ಮಾತು ತಲುಪುವುದಿಲ್ಲ. ಚಿಕ್ಕ ಪ್ಯಾಕೆಟ್‌ಗಳ ಮಾತುಕತೆ ನಡೆಯುತ್ತದೆ, ತುಂಬಿದ ಪ್ಯಾಕೆಟ್‌ಗಳು ಸದ್ದಿಲ್ಲದೆ ಮಾಯವಾಗುತ್ತವೆ. ಟನಲ್‌ನ ಎರಡೂ ತುದಿಗಳ ನಡುವೆ ‘ಪಿಂಗ್’ಗೆ ಒಡೆಯಬಾರದೆಂಬ ಆಯ್ಕೆ ಕೊಟ್ಟು, ಗಾತ್ರ 1392 ಇಟ್ಟು ನೋಡಿ; 1420ರಿಂದ ಹೆಡರ್‌ಗಳ 28 ಬೈಟ್ ಕಳೆದರೆ ಬರುವುದು ಅಷ್ಟು. ಅದು ಹೋಗದೆ ಅದಕ್ಕಿಂತ ಚಿಕ್ಕದು ಹೋದರೆ ರೋಗ ಗೊತ್ತಾಯಿತು. ವೈರ್‌ಗಾರ್ಡ್‌ನ ಎಂಟಿಯು 1280ಕ್ಕೆ ಇಳಿಸಿ, ಎರಡೂ ತುದಿಗಳಲ್ಲಿ. ವಿಪಿಎಸ್ ಪ್ಯಾಕೆಟ್‌ಗಳನ್ನು ನೇರ ದಾಟಿಸುತ್ತಿದ್ದರೆ ಅಲ್ಲಿ ಟಿಸಿಪಿ ಪ್ಯಾಕೆಟ್‌ಗಳ ಗಾತ್ರಕ್ಕೆ ಮಿತಿ ಹಾಕುವ ಎಂಎಸ್‌ಎಸ್ ಕ್ಲ್ಯಾಂಪ್ ನಿಯಮವನ್ನೂ ಹಾಕಿ.

ಹೆಸರಿನಿಂದ ನಿಲ್ಲುವುದು

ಗಾತ್ರ ಚಿಕ್ಕದೇ ಇದೆ, ಆದರೂ ‘ಇದೊಂದು ಫೈಲ್ ಮಾತ್ರ ಏರುತ್ತಿಲ್ಲ’ ಎಂದಾಗ ಫೈಲಿನ ಹೆಸರು ಕನ್ನಡದಲ್ಲಿದೆಯೇ ನೋಡಿ. ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಹಾಗಾಗಿ 85 ಚಿಹ್ನೆ ದಾಟುವಂತಿಲ್ಲ. ಒತ್ತು, ಗುಣಿತ, ವಿರಾಮ ಎಲ್ಲವೂ ಬೇರೆ ಬೇರೆ ಚಿಹ್ನೆಗಳಾಗಿ ಎಣಿಕೆಗೆ ಬರುತ್ತವೆ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಲಕ್ಷ್ಮೀ’ ಏಳು ಚಿಹ್ನೆ, 21 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಎಣಿಸದೆ 255 ಯುಟಿಎಫ್-16 ಘಟಕಗಳನ್ನು ಎಣಿಸುವುದರಿಂದ ಅಲ್ಲಿ ನೆಮ್ಮದಿಯಾಗಿದ್ದ ‘ವಿವಾಹ ಮಹೋತ್ಸವದ ಆಮಂತ್ರಣ ಪತ್ರಿಕೆ’ಯ ಉದ್ದನೆಯ ಹೆಸರು ಇಲ್ಲಿ ‘ಫೈಲ್ ನೇಮ್ ಟೂ ಲಾಂಗ್’ ಆಗುತ್ತದೆ. ಹೆಸರು ಮೊಟಕು ಮಾಡುವುದೊಂದೇ ದಾರಿ. ಹೆಸರಿನಲ್ಲಿ ಎಮೋಜಿ ಇದ್ದಾಗ ಮಾತ್ರ ಸೋತರೆ ಅದು ಡೇಟಾಬೇಸ್‌ನದ್ದು: ಎಮೋಜಿಗೆ ನಾಲ್ಕು ಬೈಟ್ ಬೇಕು, ಹಳೆಯ ಮರಿಯಾಡಿಬಿ ಟೇಬಲ್‌ಗಳು ಮೂರಕ್ಕೇ ನಿಲ್ಲುತ್ತವೆ, ‘ಯುಟಿಎಫ್8ಎಂಬಿ4’ಗೆ ಬದಲಿಸಬೇಕು.

ಇನ್ನೊಂದು, ಹಳೆಯ ಮ್ಯಾಕ್ ಡಿಸ್ಕ್‌ನಿಂದ ಆರ್‌ಸಿಂಕ್ ಮಾಡಿ ನೇರ ಡೇಟಾ ಫೋಲ್ಡರ್‌ಗೆ ಸುರಿದವರಿಗೆ. ಅಂಥ ಡಿಸ್ಕ್‌ನ ಎಚ್‌ಎಫ್‌ಎಸ್ ಪ್ಲಸ್ ಫೈಲ್‌ಸಿಸ್ಟಮ್ ಹೆಸರುಗಳ ಚಿಹ್ನೆಗಳನ್ನು ಬಿಡಿಸಿ ಇಡುತ್ತದೆ. ಕನ್ನಡದಲ್ಲಿ ಕೀ, ಕೇ, ಕೈ, ಕೊ, ಕೋ ಗುಣಿತಗಳು ಹೀಗೆ ಎರಡು ಅಥವಾ ಮೂರು ಚಿಹ್ನೆಗಳಾಗಿ ಒಡೆಯುತ್ತವೆ. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ನೆಕ್ಸ್ಟ್‌ಕ್ಲೌಡ್‌ಗೆ ಅದು ಬೇರೆಯೇ ಹೆಸರು. ನೆಕ್ಸ್ಟ್‌ಕ್ಲೌಡ್‌ನ ಟರ್ಮಿನಲ್ ಆಜ್ಞೆಯಾದ ‘ಒಸಿಸಿ ಫೈಲ್ಸ್:ಸ್ಕ್ಯಾನ್’ ಓಡಿಸಿದಾಗ ‘ಇನ್‌ಕಂಪ್ಯಾಟಿಬಲ್ ಎನ್‌ಕೋಡಿಂಗ್’ ಎಂಬ ದೂರು ಬಂದರೆ ಇದೇ. ‘ಕಾನ್ವ್‌ಎಂವಿ’ ಎಂಬ ಪುಟ್ಟ ಉಪಕರಣಕ್ಕೆ ಎರಡೂ ಕಡೆ ಯುಟಿಎಫ್-8 ಎಂದು ಹೇಳಿ ‘--ಎನ್‌ಎಫ್‌ಸಿ’ ಆಯ್ಕೆ ಕೊಟ್ಟರೆ ಹೆಸರುಗಳನ್ನು ಕೂಡಿಸುತ್ತದೆ. ‘--ನೋಟೆಸ್ಟ್’ ಕೊಡುವವರೆಗೆ ಅದು ಏನನ್ನೂ ಬದಲಾಯಿಸದೆ ಪಟ್ಟಿ ಮಾತ್ರ ತೋರಿಸುತ್ತದೆ, ಆ ಪಟ್ಟಿಯನ್ನು ಓದಿದ ಮೇಲೆಯೇ ಮುಂದುವರಿಯಿರಿ. ಬದಲಾವಣೆ ಮುಗಿದ ಮೇಲೆ ಆ ಬಳಕೆದಾರನೊಬ್ಬನ ಫೈಲ್‌ಗಳಿಗೆ ಮಾತ್ರ ಮತ್ತೊಮ್ಮೆ ಸ್ಕ್ಯಾನ್ ಓಡಿಸಿದರೆ ಸಾಕು.